ಹಾಲು ಬಿಡಲು ಕಾರಣಗಳೇನು? ಗಂಡು ಕರುವಿನಿಂದ ಲೆಕ್ಕ ಶುರು ಮಾಡೋಣ

ಕಡೂರು ಕಡೆ ಯಾರಾದರೂ "ನಾನು ಹಾಲು ಬಿಟ್ಟಿದ್ದೀನಿ" ಅಂದರೆ ಎದುರಿಗಿರುವವರು ಮೊದಲು ಕೇಳೋದು "ಯಾಕೆ, ಶುಗರ್ ಬಂತಾ?" ಅಂತ. ಅದಲ್ಲ ಅಂದರೆ "ಏನಾದರೂ ಹರಕೆನಾ?" ಅನ್ನುತ್ತಾರೆ. ಮೂರನೆಯ ಕಾರಣವೊಂದು ಇರಬಹುದು ಅನ್ನೋದು ಯಾರಿಗೂ ಹೊಳೆಯೋದಿಲ್ಲ. ಅದು ಅವರ ತಪ್ಪೇನೂ ಅಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಹಾಲು ಅಂದರೆ ಬರೀ ಕುಡಿಯೋ ಪದಾರ್ಥವಲ್ಲ. ಮಳೆ ಕೈಕೊಟ್ಟ ವರ್ಷವೂ ಮನೆಗೆ ಬರುವ ನಗದು ಅದು. ಮಗಳ ಕಾಲೇಜು ಫೀಸು, ಸಂಘದ ಸಾಲದ ಕಂತು, ಅಂಗಡಿ ಬಾಕಿ ಎಲ್ಲ ಅದರಲ್ಲೇ ತೀರಬೇಕು.

ನಾನು ಹಾಲು, ಮೊಸರು, ತುಪ್ಪ ಬಿಟ್ಟು ಕೆಲವು ವರ್ಷಗಳಾದವು. ಇದರ ಬಗ್ಗೆ ಇಂಟರ್‌ನೆಟ್‌ನಲ್ಲಿ ಸಿಗುವ ವಾದಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ದೊಡ್ಡ ಡೇರಿ ಫಾರಂಗಳನ್ನು ನೋಡಿ ಬರೆದವು. ಎರಡು ಹಸು ಕಟ್ಟಿಕೊಂಡ ಮನೆಗೆ ಅವು ಹಾಗೆಹಾಗೇ ಹೊಂದೋದಿಲ್ಲ. ಹಾಗಾಗಿ ಇಲ್ಲಿ ಗಟ್ಟಿ ಕಾರಣ ಯಾವುದು, ಜೊಳ್ಳು ಯಾವುದು, ಹಾಲು ಬಿಟ್ಟರೆ ಯಾರ ಹೊಟ್ಟೆಗೆ ಪೆಟ್ಟು ಬೀಳುತ್ತೆ ಅನ್ನೋದನ್ನು ನಮ್ಮ ನೆಲದ ಲೆಕ್ಕದಲ್ಲೇ ಒಂದೊಂದಾಗಿ ಇಡುತ್ತೇನೆ.

ಅಜ್ಜಂಪುರದಿಂದಲೇ ಯಾಕೆ?

ಅಜ್ಜಂಪುರದಲ್ಲಿ ಪಶುಸಂಗೋಪನಾ ಇಲಾಖೆಯ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಈ ತಳಿಯ ಹಿಂದೆ ಮೂರು–ನಾಲ್ಕು ಶತಮಾನದ ಕಥೆ ಇದೆ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ಅದನ್ನು 'ಅಮೃತ್ ಮಹಲ್' ಎಂದು ಬದಲಿಸಿದ್ದು ಟಿಪ್ಪು ಸುಲ್ತಾನ್. ಹೆಸರು ಬೆಣ್ಣೆಯದ್ದಾದರೂ ಕೀರ್ತಿ ಬಂದಿದ್ದು ಎತ್ತುಗಳಿಂದ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿ, ಸಾಮಾನು ಸರಂಜಾಮು ಎಳೆದದ್ದು ಇವೇ. 1799ರ ನಂತರ ಬ್ರಿಟಿಷರೂ ಇದೇ ಎತ್ತುಗಳನ್ನು ತಮ್ಮ ಸೈನ್ಯಕ್ಕೆ ಬಳಸಿದರು.

ಈ ದನಗಳ ಮೇವಿಗೆಂದೇ ಬಿಟ್ಟ ಹುಲ್ಲುಗಾವಲುಗಳು ಅಮೃತ್ ಮಹಲ್ ಕಾವಲುಗಳು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ಒಂದು ಕಾಲಕ್ಕೆ ಲಕ್ಷಾಂತರ ಎಕರೆ ಇದ್ದ ಈ ನೆಲ ಹಂಚಿಕೆ, ಒತ್ತುವರಿ, ಸರ್ಕಾರಿ ಯೋಜನೆಗಳಿಗೆ ಸಿಕ್ಕಿ ಕರಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿ, ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದ್ದು ನಿಮಗೆ ನೆನಪಿರಬಹುದು. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿದರು.

ಹಾಲಿನ ಚರ್ಚೆಗೆ ಈ ತಳಿ ಯಾಕೆ ಬೇಕು ಅಂದರೆ, ಅಮೃತ್ ಮಹಲ್ ಹಸು ಹಾಲಿಗೆ ಹೆಸರಾದದ್ದಲ್ಲ. ಕರು ಕುಡಿದು ಮಿಕ್ಕಿದ್ದು ಎಷ್ಟೋ ಅಷ್ಟೇ. ಆದರೆ ಅಜ್ಜಂಪುರದ ಕೇಂದ್ರ ತನ್ನ ಹೋರಿಕರುಗಳನ್ನು ಹರಾಜು ಹಾಕಿದಾಗ ಬೇರೆ ಬೇರೆ ಜಿಲ್ಲೆಗಳಿಂದ ರೈತರು ಬಂದು ಕೂಗುತ್ತಾರೆ. ಜೋಡಿಗೆ ಲಕ್ಷ ದಾಟಿದ್ದೂ ಇದೆ. ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವವರಿಗೆ ಹೋರಿ ಅಂದರೆ ಮನೆಯ ಮರ್ಯಾದೆ. ಅಂದರೆ ಈ ತಳಿಯಲ್ಲಿ ಗಂಡು ಕರು ಹುಟ್ಟಿದರೆ ಸಂಭ್ರಮ. ಅದೇ ಊರಿನ ಪಕ್ಕದ ಕೊಟ್ಟಿಗೆಯಲ್ಲಿ ಎಚ್‌ಎಫ್ ಹಸು ಗಂಡು ಕರು ಹಾಕಿದರೆ ಮನೆಯವರ ಮುಖ ಸಣ್ಣಗಾಗುತ್ತೆ. ಈ ವ್ಯತ್ಯಾಸದಲ್ಲೇ ಹಾಲು ಬಿಡುವುದಕ್ಕೆ ಇರುವ ಅತ್ಯಂತ ಗಟ್ಟಿ ಕಾರಣ ಕೂತಿದೆ.

ಮೊದಲ ಕಾರಣ: ಗಂಡು ಕರು ಎಲ್ಲಿಗೆ ಹೋಯಿತು?

ಹಸು ಸುಮ್ಮನೆ ಹಾಲು ಕೊಡೋದಿಲ್ಲ. ಕರು ಹಾಕಿದರೆ ಮಾತ್ರ ಹಾಲು. ಗಬ್ಬದ ಅವಧಿ ಸುಮಾರು 280 ದಿನ, ಹಾಲು ಕೊಡುವ ಅವಧಿ ಸುಮಾರು 300 ದಿನ. ಹಾಲು ನಿಲ್ಲಬಾರದು ಅಂದರೆ ಕರು ಹಾಕಿದ ಎರಡು–ಮೂರು ತಿಂಗಳಲ್ಲೇ ಮತ್ತೆ ಇಂಜೆಕ್ಷನ್ ಕೊಡಿಸಬೇಕು. ಹೀಗೆ ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧ ಗಂಡು.

ಹಿಂದೆ ಗಂಡು ಕರುವಿಗೆ ಕೆಲಸ ಇತ್ತು. ಉಳುಮೆ, ಗಾಡಿ, ಕಪಿಲೆ, ಗಾಣ ಎಲ್ಲ ಎತ್ತಿನ ಮೇಲೆ ನಡೆಯುತ್ತಿತ್ತು. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಆ ಕೆಲಸ ಹೋಯಿತು. ಜೊತೆಗೆ ಎಚ್‌ಎಫ್ ಮಿಶ್ರತಳಿಯ ಹೋರಿಗೆ ಭುಜದ ಡುಬ್ಬ ಇಲ್ಲ, ಬಿಸಿಲು ತಡೆಯೋದಿಲ್ಲ. ನೊಗಕ್ಕೆ ಹೊಂದದ ಪ್ರಾಣಿ ಅದು.

ಈಗ ರೈತರ ಲೆಕ್ಕ ನೋಡಿ. ಕರುವಿಗೆ ದಿನಕ್ಕೆ ಮೂರು ಲೀಟರ್ ಹಾಲು ಬಿಟ್ಟರೆ ಮೂರು ತಿಂಗಳಿಗೆ 270 ಲೀಟರ್. ಡೇರಿಯಲ್ಲಿ ಲೀಟರಿಗೆ 35 ರೂಪಾಯಿ ಸಿಗುತ್ತೆ ಅಂದುಕೊಂಡರೆ 9,450 ರೂಪಾಯಿ. ಹೆಣ್ಣು ಕರುವಾದರೆ ಅದು ಮುಂದಿನ ಹಸುವಿನ ಮೇಲೆ ಹಾಕಿದ ಬಂಡವಾಳ. ಗಂಡು ಕರುವಾದರೆ ಅಷ್ಟೂ ನಷ್ಟ. ಆಮೇಲೆ ಏನಾಗುತ್ತೆ ಅನ್ನೋದನ್ನು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಲವರು ಸಿಕ್ಕಿದ ರೇಟಿಗೆ ಕೊಟ್ಟು ಕಳಿಸುತ್ತಾರೆ, ಕೆಲವು ಕರು ಹಾಲಿಲ್ಲದೆ ಸೊರಗಿ ಸಾಯುತ್ತವೆ, ಕೆಲವನ್ನು ರಾತ್ರೋರಾತ್ರಿ ದೂರ ಬಿಟ್ಟು ಬರುತ್ತಾರೆ.

ಇದು ಬರೀ ನಮ್ಮ ಕಡೆಯ ಮಾತಲ್ಲ. 2019ರ 20ನೇ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಹೆಣ್ಣು ದನಗಳು 14.51 ಕೋಟಿ, ಗಂಡು ಸುಮಾರು 4.74 ಕೋಟಿ. 2012ರಿಂದ 2019ರೊಳಗೆ ಹೆಣ್ಣು ಶೇ. 18ರಷ್ಟು ಹೆಚ್ಚಿದರೆ, ಗಂಡು ಶೇ. 30ರಷ್ಟು ಇಳಿದಿದೆ. ಹುಟ್ಟುವಾಗ ಅರ್ಧಕ್ಕರ್ಧ ಇದ್ದದ್ದು ಎಣಿಸುವಾಗ ಮೂರಕ್ಕೆ ಒಂದಾಗಿದೆ. ನಮ್ಮ ಲೋಟದ ಹಾಲಿನ ಬೆಲೆಯಲ್ಲಿ ಸೇರದೆ ಉಳಿದಿರುವುದು ಈ ಕಾಣೆಯಾದ ಕರುಗಳು.

ಹೆಣ್ಣು ಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯ ಬಂದಿದೆಯಲ್ಲ ಎನ್ನಬಹುದು. ಬಂದಿದೆ, ಅದರಿಂದ ಸುಮಾರು ಶೇ. 90ರಷ್ಟು ಹೆಣ್ಣು ಕರು ಹುಟ್ಟುತ್ತವೆ, ಸರ್ಕಾರ ಸಬ್ಸಿಡಿಯೂ ಕೊಡುತ್ತಿದೆ. ಗಂಡು ಕರುವಿನ ಸಂಕಟ ಇದರಿಂದ ಕಡಿಮೆಯಾಗುತ್ತೆ. ಆದರೆ ಹಾಲು ಬತ್ತಿದ ಹಸುವನ್ನು ಏನು ಮಾಡಬೇಕು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ. ಹಸು ಇಪ್ಪತ್ತು ವರ್ಷ ಬದುಕಬಲ್ಲದು. ಹಾಲಿನ ಲೆಕ್ಕದಲ್ಲಿ ಅದರ ಆಯಸ್ಸು ಐದಾರು ಸೂಲು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಾಟಿ ತಳಿಯ ಕಾಲವೇ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಮೂಗುದಾರ, ಬೀಜ ಒಡೆಯುವುದು, ಬಾರುಕೋಲು ಎಲ್ಲವೂ ಆ ವ್ಯವಸ್ಥೆಯಲ್ಲಿದ್ದವು. ಆದರೆ ಹುಟ್ಟಿದ ಗಂಡು ಕರು ಬದುಕಲಿ ಅಂತ ಬಯಸುವುದಕ್ಕೆ ಅಲ್ಲಿ ಕಾರಣವೊಂದಿತ್ತು. ಇವತ್ತಿನ ಹಾಲಿನ ಉದ್ದಿಮೆಯಲ್ಲಿ ಅದೂ ಇಲ್ಲ.

ಕಾನೂನು ಈ ಲೆಕ್ಕವನ್ನು ಮುಚ್ಚಿತೇ ಹೊರತು ತೀರಿಸಲಿಲ್ಲ

1964ರ ರಾಜ್ಯ ಕಾಯ್ದೆಯಲ್ಲಿ ಹಸು, ಕರುವಿನ ವಧೆಗೆ ನಿಷೇಧವಿತ್ತು. ಆದರೆ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆಗಳನ್ನು ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಕೊಡಬಹುದಿತ್ತು. 2021ರಲ್ಲಿ ಜಾರಿಗೆ ಬಂದ, 2020ರ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಎತ್ತು–ಹೋರಿಗಳಿಗೂ ಪೂರ್ತಿ ನಿಷೇಧ ಹಾಕಿತು. 13 ವರ್ಷ ದಾಟಿದ ಎಮ್ಮೆ–ಕೋಣಕ್ಕೆ ಮಾತ್ರ ವಿನಾಯಿತಿ. ಶಿಕ್ಷೆ 3ರಿಂದ 7 ವರ್ಷ ಜೈಲು, ಮೊದಲ ಅಪರಾಧಕ್ಕೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ.

ಪ್ರಾಣಿಗಳ ಪರ ಇರುವ ಕೆಲವರು ಇದನ್ನು ಗೆಲುವು ಅಂದುಕೊಂಡರು. ನನಗೆ ಹಾಗೆ ಕಾಣಲಿಲ್ಲ. ಕಾಯ್ದೆ ಹಾಲಿನ ಉತ್ಪಾದನೆಯನ್ನು ಮುಟ್ಟಲಿಲ್ಲ, ಹುಟ್ಟುವ ಕರುಗಳ ಸಂಖ್ಯೆಯನ್ನೂ ಮುಟ್ಟಲಿಲ್ಲ. ಕೊನೆಯ ಬಾಗಿಲನ್ನು ಮಾತ್ರ ಮುಚ್ಚಿತು. ಗೊಡ್ಡು ಹಸುವಿಗೆ, ಹೋರಿಕರುವಿಗೆ ಸಂತೆಯಲ್ಲಿ ಸಿಗುತ್ತಿದ್ದ ದುಡ್ಡು ಹೋದರೆ ನಷ್ಟ ಹೊರುವವರು ರೈತರು. ದನ ಸಾಗಿಸಿದವರು ಅಂತ ರಸ್ತೆಯಲ್ಲಿ ಹೊಡೆಸಿಕೊಳ್ಳುವವರು ಮುಸ್ಲಿಮರು, ದಲಿತರು. ಹಾಲು ಕುಡಿದವರು ಮಾತ್ರ ಈ ಚಿತ್ರದಲ್ಲಿ ಎಲ್ಲೂ ಇಲ್ಲ.

ಹಾಲು ಮತ್ತು ದನದ ಮಾಂಸ ಒಂದೇ ಪ್ರಾಣಿಯ, ಒಂದೇ ವ್ಯವಸ್ಥೆಯ ಎರಡು ತುದಿ. ಒಂದು ತುದಿಯನ್ನು ಪವಿತ್ರ ಅಂತ ಪೂಜಿಸಿ ಇನ್ನೊಂದು ತುದಿಯಲ್ಲಿರುವವರನ್ನು ಅಪರಾಧಿ ಮಾಡುವುದು ಜಾತಿ ರಾಜಕಾರಣವೇ ಹೊರತು ದಯೆ ಅಲ್ಲ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಆಮೇಲೆ ಅಲ್ಲಿನ ದಲಿತರು ಸತ್ತ ದನಗಳನ್ನು ತಂದು ಸುರೇಂದ್ರನಗರದ ಜಿಲ್ಲಾಧಿಕಾರಿ ಕಚೇರಿ ಮುಂದೆ ಹಾಕಿದರು. ಹಾಲು ಕರೆದುಕೊಂಡವರು ಒಬ್ಬರು, ಹೆಣ ಎತ್ತಬೇಕಾದವರು ಇನ್ನೊಬ್ಬರು ಅನ್ನೋ ಏರ್ಪಾಡನ್ನು ಅಷ್ಟು ನೇರವಾಗಿ ಪ್ರಶ್ನಿಸಿದ ಇನ್ನೊಂದು ಪ್ರತಿಭಟನೆ ನನಗೆ ಗೊತ್ತಿಲ್ಲ.

ಎರಡನೇ ಕಾರಣ: ಮೀಥೇನ್, ಮೇವು, ನೀರು

ದನ ಮೆಲುಕು ಹಾಕುವಾಗ ಹೊಟ್ಟೆಯಲ್ಲಿ ಮೀಥೇನ್ ಅನಿಲ ಹುಟ್ಟಿ ತೇಗಿನ ಮೂಲಕ ಹೊರಬರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತೆ. ಆದರೆ ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದ ಆಸುಪಾಸು. ಹಾಗಾಗಿ ಅದನ್ನು ಕಡಿಮೆ ಮಾಡಿದರೆ ಫಲ ಬೇಗ ಸಿಗುತ್ತೆ. 'ಸೈನ್ಸ್' ಪತ್ರಿಕೆಯಲ್ಲಿ 2018ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಜಗತ್ತಿನ ಸರಾಸರಿಯಲ್ಲಿ ಒಂದು ಲೀಟರ್ ಹಾಲಿಗೆ ಸುಮಾರು 3 ಕೆಜಿ ಹಸಿರುಮನೆ ಅನಿಲ, ಸೋಯಾ ಹಾಲಿಗೆ ಸುಮಾರು 1 ಕೆಜಿ.

ಈ ಸರಾಸರಿಯನ್ನು ಕಡೂರಿಗೆ ತಂದು ಅಂಟಿಸುವ ಮೊದಲು ಯೋಚಿಸಬೇಕು. ನಮ್ಮ ದನಗಳು ತಿನ್ನುವುದರಲ್ಲಿ ರಾಗಿ ಹುಲ್ಲು, ಜೋಳದ ಸಪ್ಪೆಯಂಥ ಉಳಿಕೆಗಳ ಪಾಲು ದೊಡ್ಡದು. ಹಾಗಾಗಿ ಹಾಲಿಗಾಗಿ ಕಾಡು ಕಡಿದರು ಅನ್ನೋ ವಾದ ಇಲ್ಲಿ ಅಷ್ಟಾಗಿ ನಿಲ್ಲೋದಿಲ್ಲ. ಇನ್ನೊಂದು ಕಡೆ, ಕಡಿಮೆ ಹಾಲು ಕೊಡುವ ಹಸುವಿನಿಂದ ಲೀಟರಿಗೆ ಬರುವ ಮೀಥೇನ್ ಹೆಚ್ಚು. ಲೀಟರಿಗೆ ಮೀಥೇನ್ ಇಳಿಸೋಣ ಅಂತ ಹೆಚ್ಚು ಕರೆಯುವ ತಳಿ ತಂದರೆ ಕೊಂಡು ತರುವ ಹಿಂಡಿ, ಬೂಸಾ, ಮೆಕ್ಕೆಜೋಳ ಬೇಕು, ನೀರೂ ಬೇಕು. ಕರೆಯುವ ಎಚ್‌ಎಫ್ ಹಸು ದಿನಕ್ಕೆ 60ರಿಂದ 100 ಲೀಟರ್ ನೀರು ಕುಡಿಯುತ್ತೆ.

ತರೀಕೆರೆ ಕಡೆಗೆ ಭದ್ರೆಯ ಆಸರೆ ಇದೆ, ಲಕ್ಕವಳ್ಳಿಯ ಜಲಾಶಯ ಅದೇ ತಾಲ್ಲೂಕಿನದ್ದು. ಕಡೂರಿಗೆ ಆ ಭಾಗ್ಯ ಇಲ್ಲ. ಚಿಕ್ಕಮಗಳೂರು ಅಂದರೆ ಮಲೆನಾಡು ಅಂದುಕೊಂಡವರು ಕಡೂರಿನ ಒಣಗಿದ ತೆಂಗಿನ ತೋಟಗಳನ್ನು ನೋಡಬೇಕು. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಕಡೂರು ಮತ್ತೆ ಮತ್ತೆ ಬರುತ್ತೆ. ಕಾವಲಿನ ಹುಲ್ಲು ಮೇಯ್ದು ಬದುಕುತ್ತಿದ್ದ ದನದ ಜಾಗಕ್ಕೆ ಬೋರ್‌ವೆಲ್ ನೀರು, ಮೂಟೆ ಮೇವಿನ ಮೇಲೆ ನಿಂತ ದನ ಬಂದಿದೆ. ಈ ಬದಲಾವಣೆಯ ಖರ್ಚು ಪ್ಯಾಕೆಟ್ ಮೇಲೆ ಬರೆದಿರೋದಿಲ್ಲ.

ಮೂರನೇ ಕಾರಣ: ದೇಹ

ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಅರಗಿಸುವ ಕಿಣ್ವ ಎಷ್ಟೋ ಜನರಲ್ಲಿ ಬಾಲ್ಯ ದಾಟಿದ ಮೇಲೆ ಕಡಿಮೆಯಾಗುತ್ತೆ. 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷೆಗೆ ಒಳಗಾದ ಉತ್ತರ ಭಾರತೀಯರಲ್ಲಿ ಶೇ. 27ರಷ್ಟು ಮಂದಿಗೆ ಈ ತೊಂದರೆ ಕಂಡರೆ, ದಕ್ಷಿಣ ಭಾರತೀಯರಲ್ಲಿ ಶೇ. 66ರಷ್ಟು ಮಂದಿಗೆ ಕಂಡಿತು. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗುಡುಗುಡು ಅನ್ನೋರು ಸುಳ್ಳು ಹೇಳುತ್ತಿಲ್ಲ.

ಆದರೆ ಇದು ಹಾಲಿನ ಎಲ್ಲ ಪದಾರ್ಥ ಬಿಡುವುದಕ್ಕೆ ಕಾರಣವಾಗೋದಿಲ್ಲ. ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನ ಒಂದು ಭಾಗವನ್ನು ತಿಂದಿರುತ್ತವೆ. ತುಪ್ಪದಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಮುದ್ದೆ ಉಂಡು ಮಜ್ಜಿಗೆ ಕುಡಿಯುವ ನಮ್ಮ ರೂಢಿಯಲ್ಲಿ ವಿವೇಕ ಇದೆ. ಹೊಟ್ಟೆಯ ಕಾರಣಕ್ಕೆ ಬಿಡುವವರು ಹಸಿ ಹಾಲು, ಟೀ–ಕಾಫಿಯ ಹಾಲು ಬಿಟ್ಟರೆ ಸಾಕಾಗಬಹುದು.

ಒಪ್ಪಬಾರದ ಕಾರಣಗಳು

ಹಾಲು ಬಿಡಿ ಅನ್ನೋ ಪ್ರಚಾರದಲ್ಲಿ ಸುಳ್ಳುಗಳೂ ಓಡಾಡುತ್ತವೆ. ನಮ್ಮ ಪರ ಇದೆ ಅಂತ ಅವನ್ನು ಫಾರ್ವರ್ಡ್ ಮಾಡಬಾರದು.

"ಕಲಬೆರಕೆ ಹಾಲಿನಿಂದ 2025ಕ್ಕೆ ಶೇ. 87ರಷ್ಟು ಭಾರತೀಯರಿಗೆ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ" ಅನ್ನೋ ವಾಟ್ಸಾಪ್ ಸಂದೇಶ ವರ್ಷಗಟ್ಟಲೆ ತಿರುಗಿತು. ಆ ಸಂಸ್ಥೆ ಅಂಥ ಮಾತು ಹೇಳಿಯೇ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಮಾದರಿ ಪರೀಕ್ಷಿಸಿದಾಗ ಸುಮಾರು ಶೇ. 93 ಕುಡಿಯಲು ಸುರಕ್ಷಿತವಾಗಿದ್ದವು. ಕಂಡ ದೊಡ್ಡ ತೊಂದರೆ ಯೂರಿಯಾ, ಡಿಟರ್ಜೆಂಟ್ ಅಲ್ಲ. ಬೂಷ್ಟು ಹಿಡಿದ ಮೇವಿನಿಂದ ಬರುವ ಅಫ್ಲಾಟಾಕ್ಸಿನ್, ಶೇ. 5.7 ಮಾದರಿಗಳಲ್ಲಿ.

'ಎ2 ಹಾಲು' ಅನ್ನೋದು ಇನ್ನೊಂದು ವ್ಯಾಪಾರ. ನಾಟಿ ಹಸುವಿನ ಹಾಲು ಔಷಧಿ, ಎಚ್‌ಎಫ್ ಹಾಲು ವಿಷ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. 2024ರ ಆಗಸ್ಟ್‌ನಲ್ಲಿ ಇದೇ ಪ್ರಾಧಿಕಾರ ಎ1, ಎ2 ಎಂಬ ಹಣೆಪಟ್ಟಿ ತೆಗೆಯಿರಿ ಅಂತ ಆದೇಶಿಸಿ, ವಾರದೊಳಗೆ ಅದನ್ನು ಹಿಂದಕ್ಕೆ ಪಡೆಯಿತು. ಕ್ಯಾನ್ಸರ್ ವಿಷಯದಲ್ಲೂ ಚಿತ್ರ ಸರಳವಲ್ಲ. ಹಾಲಿನ ಪದಾರ್ಥ ಸೇವಿಸುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಕಡಿಮೆ ಅನ್ನೋ ಅಧ್ಯಯನಗಳಿವೆ, ಪ್ರಾಸ್ಟೇಟ್ ಕ್ಯಾನ್ಸರ್ ವಿಷಯದಲ್ಲಿ ಅದಕ್ಕೆ ವಿರುದ್ಧ ಸೂಚನೆಗಳಿವೆ. ಹೆದರಿಸಿ ಬಿಡಿಸುವ ಅಗತ್ಯ ಇಲ್ಲ, ಗಂಡು ಕರುವಿನ ಪ್ರಶ್ನೆಯೊಂದೇ ಸಾಕಷ್ಟು ಭಾರವಾಗಿದೆ.

ಬಿಟ್ಟರೆ ನಷ್ಟ ಯಾರಿಗೆ?

ಇದು ಹಾಲು ಬಿಟ್ಟವರು ಮೈ ಮರೆಸಿಕೊಂಡು ಓಡುವ ಪ್ರಶ್ನೆ. ಚಿಕ್ಕಮಗಳೂರು ಜಿಲ್ಲೆಯ ಹಾಲು ಹೋಗೋದು ಹಾಸನ ಹಾಲು ಒಕ್ಕೂಟಕ್ಕೆ. ರಾಜ್ಯದಲ್ಲಿ ನಂದಿನಿಗೆ ಬರುವ ದಿನದ ಹಾಲು 2024ರ ಜೂನ್ ಕೊನೆಗೆ 1 ಕೋಟಿ ಲೀಟರ್ ದಾಟಿತು. ಇದರ ಹಿಂದೆ ಇರುವವರು ಬಹುಪಾಲು ಒಂದೆರಡು ಹಸುವಿನ ಮನೆಗಳು. ಹಾಲು ಕರೆಯೋದು, ಸಗಣಿ ಬಾಚೋದು, ಮೇವು ಹೊರೋದು ಹೆಚ್ಚಾಗಿ ಹೆಂಗಸರು. ಮನೆಯಲ್ಲಿ ಅವರ ಕೈಗೆ ಬರುವ ನಿಗದಿತ ದುಡ್ಡು ಹಾಲಿನ ಬಟವಾಡೆ ಒಂದೇ. 2023ರಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತೆ ಅಂದಾಗ ನಂದಿನಿ ಉಳಿಸಿ ಅಂತ ಜನ ಎದ್ದಿದ್ದು ಇದೇ ಕಾರಣಕ್ಕೆ. ನಾನು ಹಾಲು ಕುಡಿಯೋದಿಲ್ಲ, ಆದರೂ ರೈತರ ಸಹಕಾರಿ ಸಂಸ್ಥೆ ಉಳಿಯಬೇಕು ಅನ್ನೋ ಆ ಮಾತಿಗೆ ನನ್ನ ಒಪ್ಪಿಗೆ ಇದೆ.

ಹಾಗಾಗಿ ಹಾಲು ಬಿಡುವ ಕರೆಯನ್ನು ಮೊದಲು ಕೊಡಬೇಕಾದದ್ದು ಆಯ್ಕೆ ಇರುವವರಿಗೆ. ಪನೀರ್, ಚೀಸ್, ಐಸ್‌ಕ್ರೀಂ, ಕೋಲ್ಡ್ ಕಾಫಿಯಲ್ಲಿ ದಿನಕ್ಕೆ ಲೀಟರ್ ಲೆಕ್ಕದ ಹಾಲು ಮುಗಿಸುವ ನಗರದವರಿಗೆ. ಒಂದು ಕೆಜಿ ಪನೀರಿಗೆ ಹಸುವಿನ ಹಾಲು ಐದಾರು ಲೀಟರಿಗೂ ಹೆಚ್ಚು ಬೇಕು. ಅಂಗನವಾಡಿ ಮಗುವಿನ ಲೋಟಕ್ಕೆ ಕೈ ಹಾಕುವುದು ಚಳವಳಿ ಅಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಾಗಲಿ, ಬಿಸಿಯೂಟದ ಮೊಟ್ಟೆಯಾಗಲಿ, ಅಷ್ಟೇ ಪೋಷಣೆ ಕೊಡುವ ಬೇರೆಯದು ತಟ್ಟೆಗೆ ಬರುವವರೆಗೆ ಅಲ್ಲೇ ಇರಬೇಕು. ಮಕ್ಕಳ ಮೊಟ್ಟೆ ಕಿತ್ತುಕೊಳ್ಳಲು 2021ರಲ್ಲಿ ಹೊರಟ ಕೆಲವು ಮಠಗಳವರ ಸಾಲಿನಲ್ಲಿ ಹೋಗಿ ನಿಲ್ಲುವುದು ನನಗೆ ಬೇಡ.

ಬಿಡುವವರಿಗೆ ಊಟದ ಲೆಕ್ಕ

ಕ್ಯಾಲ್ಸಿಯಂ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯಲ್ಲಿರುವ ಫೈಟೇಟ್ ಅಂಶ ಒಂದಿಷ್ಟನ್ನು ಮೈಗೆ ಹತ್ತಲು ಬಿಡೋದಿಲ್ಲ, ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತೆ. ಎಳ್ಳು, ಹುಚ್ಚೆಳ್ಳು ಚಟ್ನಿಪುಡಿ, ನುಗ್ಗೆಸೊಪ್ಪು ಜೊತೆಗಿರಲಿ.

ಪ್ರೋಟೀನ್: ಹುರುಳಿ, ಅವರೆ, ಅಲಸಂದೆ, ಕಡಲೆಕಾಯಿ. ನಮ್ಮ ಹೊಲದ್ದೇ ಸಾಕು.

ವಿಟಮಿನ್ ಬಿ12: ಇದರಲ್ಲಿ ರಾಜಿ ಬೇಡ. ಸಸ್ಯಾಹಾರದಲ್ಲಿ ಇದು ನಂಬಿಕೊಳ್ಳುವಷ್ಟು ಸಿಗೋದಿಲ್ಲ. ಹಾಲಿನ ಜೊತೆ ಮೊಟ್ಟೆ, ಮೀನು, ಮಾಂಸವನ್ನೂ ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯರು, ಸಣ್ಣ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಏನೂ ಬದಲಿಸಬೇಡಿ.

ಬಾದಾಮಿ ಹಾಲಿನ ದುಬಾರಿ ಡಬ್ಬ ಬೇಕಾಗಿಲ್ಲ. ಕಡೂರಿನ ತೆಂಗಿನಕಾಯಿ ಇದೆ, ಅದರ ಹಾಲಿನ ಪಾಯಸ ನಮಗೆ ಹೊಸದಲ್ಲ. ಮಲೆನಾಡಿನವರ ಬೆಲ್ಲದ ಕರಿ ಕಾಫಿ ಇದೆ. ಆದರೆ ತೆಂಗಿನ ಹಾಲಿನಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಕಡಿಮೆ. ರುಚಿಗೆ ಬಳಸಿ, ಪೋಷಣೆಗೆ ನಂಬಬೇಡಿ. ಸೋಯಾ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನಷ್ಟೇ ಇದೆ.

ಒಬ್ಬೊಬ್ಬರೇ ಬಿಟ್ಟರೆ ಸಾಕೇ?

ಸಾಲದು. ನಾನೊಬ್ಬ ಮೊಸರು ಬಿಟ್ಟಿದ್ದಕ್ಕೆ ಒಂದು ಹೋರಿಕರು ಬದುಕಿತು ಅಂತ ಹೇಳಿಕೊಳ್ಳಲು ಆಗೋದಿಲ್ಲ. ಅದಕ್ಕೇ ಇದು ರಾಜಕೀಯ ಬೇಡಿಕೆಯೂ ಆಗಬೇಕು. ಗಂಡು ಕರು, ಗೊಡ್ಡು ಹಸುವಿನ ಪಾಲನೆಯ ಖರ್ಚನ್ನು ರೈತರ ತಲೆಗೆ ಕಟ್ಟದೆ ಹಾಲಿನ ಬೆಲೆಯಲ್ಲೋ ಬಜೆಟ್ಟಿನಲ್ಲೋ ತೋರಿಸಿ ಅಂತ ಕೇಳಬೇಕು. ಉಳಿದಿರುವ ಕಾವಲುಗಳನ್ನು ಕಾವಲಾಗಿಯೇ ಉಳಿಸಿ ಅಂತ ಕೇಳಬೇಕು. ಹಾಲಿಗೆ ಇರುವಂಥ ಸಹಕಾರಿ ಸಂಘ, ಪ್ರೋತ್ಸಾಹಧನ, ದಿನನಿತ್ಯದ ಖರೀದಿ ವ್ಯವಸ್ಥೆ ರಾಗಿ, ಹುರುಳಿ, ಎಳ್ಳು, ತರಕಾರಿಗೂ ಬರಲಿ. ಆಗ ಮಾತ್ರ ಹಸು ಕಟ್ಟದೆಯೂ ಬಟವಾಡೆ ಪಡೆಯುವ ದಾರಿ ನಮ್ಮ ಹೆಂಗಸರಿಗೆ ಸಿಗುತ್ತೆ. ಮತ್ತೆ, ದಯೆಯ ಹೆಸರಿನಲ್ಲಿ ಬಡವರನ್ನು ಜೈಲಿಗೆ ಕಳಿಸುವ ಕಾನೂನನ್ನು ಹಾಲು ಬಿಟ್ಟವರೇ ಮೊದಲು ವಿರೋಧಿಸಬೇಕು.

ನೀವು ಬಿಡುತ್ತೀರೋ, ಕಡಿಮೆ ಮಾಡುತ್ತೀರೋ, ಕುಡಿಯುತ್ತಲೇ ಇರುತ್ತೀರೋ ಅದು ನಿಮಗೆ ಬಿಟ್ಟದ್ದು. ಕುಡಿಯುವವರು ಹಾಲಿನ ಬೆಲೆ ಅಂದಾಗ ಪ್ಯಾಕೆಟ್ ಮೇಲಿನ ರೇಟಿನ ಜೊತೆ ಆ ಹಾಲಿಗಾಗಿ ಹುಟ್ಟಿದ ಕರುವನ್ನೂ ಲೆಕ್ಕಕ್ಕೆ ಹಿಡಿದರೆ, ಉಳಿದ ಚರ್ಚೆಯನ್ನು ನಾವಿಬ್ಬರೂ ಒಂದೇ ಕಡೆ ಕೂತು ಮಾಡಬಹುದು.